ರಿಟರ್ನ್ ಸಲ್ಲಿಸುವ ತಂತ್ರಾಂಶ: ಎಐ ಏಜೆಂಟಿಗೆ ಬೇರೆಯೇ ಕೈಪಿಡಿ ಬೇಕೇ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಸಣ್ಣ ತಂತ್ರಾಂಶ ಸಂಸ್ಥೆ. ವ್ಯಾಪಾರಿಗಳ ಮಾರಾಟದ ಬಿಲ್ಲುಗಳಿಂದ ಜಿಎಸ್‌ಟಿಆರ್-1 (ಮಾರಾಟದ ವಿವರ ನೀಡುವ ಜಿಎಸ್‌ಟಿ ರಿಟರ್ನ್) ಸಿದ್ಧಪಡಿಸಿ ಸಲ್ಲಿಸುವ ತಂತ್ರಾಂಶ ನಮ್ಮದು. ಈಗ ಗ್ರಾಹಕರು ಅದನ್ನು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ತಂತ್ರಾಂಶ ಬಳಸಿ ಮಾಡುವ ಎಐ) ಮೂಲಕ ನಡೆಸಲು ಕೇಳುತ್ತಿದ್ದಾರೆ. ಲೆಕ್ಕಿಗರಿಗಾಗಿ ಬರೆದ ಸಚಿತ್ರ ಕೈಪಿಡಿ ನಮ್ಮಲ್ಲಿದೆ. ಅದನ್ನೇ ಏಜೆಂಟಿಗೆ ಕೊಟ್ಟರೆ ಸಾಲದೆ?

ಉತ್ತರ: ಸಾಲದು. ನಿಮ್ಮ ಕೈಪಿಡಿ ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ಓದುವ ಲೆಕ್ಕಿಗರಿಗೆ ಅರ್ಧ ವಿಷಯ ಮೊದಲೇ ಗೊತ್ತಿರುವುದರಿಂದ ಅಷ್ಟನ್ನು ನೀವು ಬರೆಯದೆ ಬಿಟ್ಟಿರುತ್ತೀರಿ, ಏಜೆಂಟು ಎಡವುವುದು ಆ ಬಿಟ್ಟ ಜಾಗದಲ್ಲೇ.

2025ರ ಅಕ್ಟೋಬರ್ 8ರಂದು ಒಬ್ಬ ಕಿರಾಣಿ ವ್ಯಾಪಾರಿ ‘ಈ ತಿಂಗಳ ರಿಟರ್ನ್ ಹಾಕಿಬಿಡಿ’ ಎಂದರೆನ್ನಿ. ಅದು ಸೆಪ್ಟೆಂಬರ್ ವ್ಯಾಪಾರದ ರಿಟರ್ನ್, ಪ್ರತಿ ತಿಂಗಳೂ ಸಲ್ಲಿಸುವವರಾದರೆ 11ರೊಳಗೆ ಹೋಗಬೇಕು ಎಂದು ಯಾವ ಲೆಕ್ಕಿಗರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಏಜೆಂಟು ಮಾತ್ರ ಅಕ್ಟೋಬರ್ ಎಂದೇ ತಿಳಿದು 102025 ಎಂದು ತುಂಬುತ್ತದೆ. ಇಲ್ಲವೇ ತಂತ್ರಾಂಶ ಲೋಕದ ರೂಢಿಯಂತೆ ವರ್ಷವನ್ನು ಮುಂದಿಟ್ಟು 202509 ಎಂದು ಬರೆಯುತ್ತದೆ. ಆದ್ದರಿಂದ ಅವಧಿಯ ಅಂಕಣಕ್ಕೆ ‘ತೆರಿಗೆ ಅವಧಿ’ ಎಂಬ ಎರಡು ಪದದ ವಿವರಣೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ‘ಮಾರಾಟ ನಡೆದ ತಿಂಗಳು, ಸಲ್ಲಿಸುವ ತಿಂಗಳಲ್ಲ, ಮೊದಲು ತಿಂಗಳ ಎರಡು ಅಂಕಿ, ನಂತರ ವರ್ಷದ ನಾಲ್ಕು ಅಂಕಿ, 2025ರ ಸೆಪ್ಟೆಂಬರಿಗೆ 092025, ಬಳಕೆದಾರರು ಈ ತಿಂಗಳು ಎಂದಷ್ಟೇ ಹೇಳಿದರೆ ಅವಧಿಯನ್ನು ಅವರಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು’ ಎಂದು ಬರೆಯಿರಿ. ಉದ್ದವಾಯಿತೆಂದು ಸಂಕೋಚಪಡಬೇಡಿ.

ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ತೊಡಕಿದೆ. 22ನೇ ತಾರೀಖಿನಿಂದ ದರಗಳು ಬದಲಾಗಿ, ಶೇ 12ರಲ್ಲಿದ್ದ ತುಪ್ಪ ಶೇ 5ಕ್ಕೆ ಇಳಿಯಿತು. ಅಂಗಡಿಯಲ್ಲೇ ಹಣ ಪಡೆದು ಮಾರಿದ ತುಪ್ಪಕ್ಕೆ 21ರ ಬಿಲ್ಲಿನಲ್ಲಿ ಶೇ 12, 22ರ ಬಿಲ್ಲಿನಲ್ಲಿ ಶೇ 5 ಇರುವುದು ಸರಿಯೇ. ಆದರೆ ಹಳೆಯ ಪಠ್ಯಗಳಿಂದ ಕಲಿತ ಎಐ ಮಾದರಿಯ ನೆನಪಿನಲ್ಲಿ ತುಪ್ಪ ಇನ್ನೂ ಶೇ 12ರಲ್ಲೇ ಕುಳಿತಿರಬಹುದು, ಅದು ಹೊಸ ಬಿಲ್ಲನ್ನು ತಪ್ಪೆಂದು ‘ತಿದ್ದಿ’ ಉಪಕಾರ ಮಾಡಲು ಹೊರಡಬಹುದು. ರಿಟರ್ನಿನ ಕೆಲಸ ಬಿಲ್ಲಿನಲ್ಲಿರುವುದನ್ನು ವರದಿ ಮಾಡುವುದು. ದರವನ್ನು ಬಿಲ್ಲಿನಿಂದಲೇ ತೆಗೆದುಕೊಳ್ಳಬೇಕು, ನೆನಪಿನಿಂದ ತುಂಬಬಾರದು, ಅನುಮಾನ ಬಂದರೆ ಆ ಬಿಲ್ಲಿನ ಸಂಖ್ಯೆ ತೋರಿಸಿ ಮನುಷ್ಯರನ್ನು ಕೇಳಬೇಕು ಎಂಬುದು ಕೈಪಿಡಿಯ ಮೊದಲ ಪುಟದಲ್ಲೇ ಇರಲಿ.

ಇನ್ನು ಕ್ರಿಯಾಪದಗಳ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಜಾಗ ಇದು. ‘ವಿವರ ಕಳುಹಿಸುತ್ತದೆ’ ಎಂಬ ವಾಕ್ಯ ನಿಮ್ಮ ಕೈಪಿಡಿಯಲ್ಲಿ ಖಂಡಿತ ಇರುತ್ತದೆ. ಕಳುಹಿಸುವುದೆಂದರೆ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಉಳಿಸುವುದೇ, ಅಂತಿಮವಾಗಿ ಸಲ್ಲಿಸುವುದೇ? ಉಳಿಸಿದ್ದನ್ನು ಅಳಿಸಬಹುದು, ಮತ್ತೆ ತುಂಬಬಹುದು. ಸಲ್ಲಿಸಿದ ಜಿಎಸ್‌ಟಿಆರ್-1 ಅನ್ನು ಹಿಂದಕ್ಕೆ ಪಡೆಯಲಾಗದು; ಅದೇ ಅವಧಿಯ ತೆರಿಗೆ ಪಾವತಿಯ ರಿಟರ್ನ್ ಆದ 3ಬಿ ಸಲ್ಲಿಸುವ ಮೊದಲು ತಿದ್ದುಪಡಿ ನಮೂನೆ 1ಎ ಮೂಲಕವೋ, ಮುಂದಿನ ಅವಧಿಯ ತಿದ್ದುಪಡಿ ಕೋಷ್ಟಕಗಳ ಮೂಲಕವೋ ಸರಿಪಡಿಸಬೇಕು. ಹಾಗಾಗಿ ಏಜೆಂಟು ಬಳಸಲೆಂದು ತಂತ್ರಾಂಶದಲ್ಲಿ ಉಳಿಸುವ ಸಾಧನ, ಸಾರಾಂಶ ತೋರಿಸುವ ಸಾಧನ, ಸಲ್ಲಿಸುವ ಸಾಧನ ಎಂದು ಮೂರನ್ನೂ ಬೇರೆ ಬೇರೆ ಹೆಸರಿನಲ್ಲಿ ಇಟ್ಟು, ಪ್ರತಿಯೊಂದರ ವಿವರಣೆಯಲ್ಲೂ ಅದರ ಪರಿಣಾಮವನ್ನು ಹಿಂತೆಗೆಯಬಹುದೇ ಇಲ್ಲವೇ ಎಂದು ಬರೆಯಿರಿ. ಸಲ್ಲಿಕೆಗೆ ಬೇಕಾದ ಒಟಿಪಿ ಅಧಿಕೃತ ಸಹಿದಾರರಿಗೆ ಬರುತ್ತದೆ. ಅದನ್ನು ಅವರೇ ನಿಮ್ಮ ತಂತ್ರಾಂಶದ ಪರದೆಯಲ್ಲಿ ತುಂಬಲಿ, ಏಜೆಂಟು ಸಂಭಾಷಣೆಯಲ್ಲಿ ಕೇಳಬಾರದು. ಕೈಪಿಡಿಯಲ್ಲಿ ಬರೆದ ಮಾತ್ರಕ್ಕೆ ಏಜೆಂಟು ಪಾಲಿಸುತ್ತದೆಂದು ನಂಬಬೇಡಿ, ತಂತ್ರಾಂಶದಲ್ಲೂ ಆ ದಾರಿಯನ್ನು ಮುಚ್ಚಿಡಿ.

ಉಳಿಸುವ ಕೋರಿಕೆಗೆ ಪೋರ್ಟಲ್ಲು ತಕ್ಷಣ ಕೊಡುವುದು ಒಂದು ಉಲ್ಲೇಖ ಸಂಖ್ಯೆಯನ್ನು ಮಾತ್ರ. ಫಲಿತಾಂಶವನ್ನು ಆಮೇಲೆ ವಿಚಾರಿಸಿಕೊಳ್ಳಬೇಕು. ಅಲ್ಲಿ ‘ಪಿ’ ಎಂದರೆ ಕೆಲಸ ಮುಗಿದಿದೆ, ‘ಐಪಿ’ ಎಂದರೆ ಇನ್ನೂ ನಡೆಯುತ್ತಿದೆ, ‘ಪಿಇ’ ಎಂದರೆ ಕೆಲವು ಬಿಲ್ಲುಗಳು ಸೇರಿವೆ, ಕೆಲವು ದೋಷದಿಂದ ಹೊರಗುಳಿದಿವೆ. ಈ ‘ಪಿಇ’ಯ ಅರ್ಥ ಬರೆಯದಿದ್ದರೆ ಏಜೆಂಟು ಅದನ್ನು ಯಶಸ್ಸೆಂದು ಓದಿ, 40 ಬಿಲ್ಲುಗಳಲ್ಲಿ 37 ಮಾತ್ರ ಸೇರಿದ್ದರೂ ‘ಎಲ್ಲ ಆಯಿತು’ ಎಂದು ವರದಿ ಒಪ್ಪಿಸುತ್ತದೆ. ನಿಮ್ಮ ದೋಷ ಸಂದೇಶಗಳೂ ಕೈಪಿಡಿಯ ಭಾಗವೆಂದೇ ತಿಳಿಯಿರಿ: ‘ಅಮಾನ್ಯ ಜಿಎಸ್‌ಟಿಐಎನ್’ (ಜಿಎಸ್‌ಟಿ ನೋಂದಣಿ ಸಂಖ್ಯೆ) ಎಂಬಲ್ಲಿಗೆ ನಿಲ್ಲಿಸದೆ, ‘ಬಿಲ್ 118: ಖರೀದಿದಾರರ ಸಂಖ್ಯೆಯಲ್ಲಿ 14 ಅಕ್ಷರಗಳಿವೆ, 15 ಇರಬೇಕು, ಊಹಿಸಿ ತುಂಬಬೇಡಿ, ಬಳಕೆದಾರರನ್ನು ಕೇಳಿ’ ಎಂದು ಹೇಳಿ. ಕೊನೆಯ ಅಕ್ಷರ ಪರಿಶೀಲನೆಗಾಗಿ ಇರುವುದರಿಂದ ಅದನ್ನು ಲೆಕ್ಕಹಾಕಿ ಸೇರಿಸುವ ಚುರುಕು ಏಜೆಂಟಿಗೆ ಇದ್ದೇ ಇರುತ್ತದೆ, ಬಿಟ್ಟುಹೋದ ಅಕ್ಷರ ನಡುವಿನದಾಗಿದ್ದರೂ.

ಏಜೆಂಟು ಕೆಲಸ ಮಾಡುವುದು ಪರದೆ ನೋಡಿಕೊಂಡಲ್ಲ, ಈ ಸಾಧನಗಳ ಮೂಲಕ; ಆದ್ದರಿಂದ ಪರದೆಯ ಚಿತ್ರಗಳನ್ನು ತೆಗೆದುಹಾಕಿ. ಬರೆದಾದ ಮೇಲೆ ಹೊಸ ಕೈಪಿಡಿಯನ್ನು ಮಾತ್ರ ಏಜೆಂಟಿನ ಕೈಗಿತ್ತು, ಪರೀಕ್ಷಾ ವ್ಯವಸ್ಥೆಯಲ್ಲಿ ಹಳೆಯ ಒಂದು ತಿಂಗಳ ಬಿಲ್ಲುಗಳನ್ನು ತುಂಬಿಸಿ ನೋಡಿ. ಅದು ತಪ್ಪಿದ ಕಡೆಯೆಲ್ಲ ನಿಮ್ಮ ಲೆಕ್ಕಿಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಿ, ಅವರು ಕೊಡುವ ಉತ್ತರವನ್ನು ಆ ಜಾಗದಲ್ಲಿ ಬರೆಯಿರಿ.