ಮಗನ ಮೂತ್ರದ ದಾರಿಯ ಆಪರೇಷನ್‌ಗೆ ಬೆನ್ನಿಗೆ ಸೂಜಿ ಕೊಡ್ತಾರಂತೆ, ಮುಂದೆ ತೊಂದರೆ ಆಗುತ್ತದಾ?

ನಿಮ್ಮ 2 ವರ್ಷದ ಮಗನಿಗೆ ಹೈಪೋಸ್ಪಾಡಿಯಾಸ್ (ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಕೆಳಗಡೆ ಇರುವುದು) ಆಪರೇಷನ್ ಇದೆ, ನೋವಿಗೆ ಕಾಡಲ್ ಬ್ಲಾಕ್ (ಬೆನ್ನಿನ ತಳದಲ್ಲಿ ಸೂಜಿಯಿಂದ ಔಷಧಿ ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸುವುದು) ಕೊಡ್ತೀವಿ ಅಂದಿದ್ದಾರೆ, ಅತ್ತೆ ಬೇಡ ಅಂತಿದ್ದಾರೆ ಎಂದು ಬರೆದಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಅರಿವಳಿಕೆ ವೈದ್ಯೆ. ರೋಣದವರಾಗಲಿ, ಹಾನಗಲ್‌ನವರಾಗಲಿ, ಜೊತೆಗೆ ಬಂದ ಅಜ್ಜಿ ಹೇಳುವುದು ಇದನ್ನೇ: "ಬೆನ್ನಿಗೆ ಸೂಜಿ ಮಾಡಬ್ಯಾಡ್ರೀ, ಮುಂದ ಕೂಸಿಗೆ ಸೊಂಟ ನೋವು ಬರತೈತಿ."

ಬರುವುದಿಲ್ಲ. ಸಿಸೇರಿಯನ್‌ಗೆ ಕೊಡುವ ಸೂಜಿಯೇ ಬೇರೆ, ಇದೇ ಬೇರೆ. ಮಗು ಪೂರ್ತಿ ನಿದ್ದೆಗೆ ಹೋದ ಮೇಲೆ, ಬಾಲದ ಎಲುಬಿನ ಸ್ವಲ್ಪ ಮೇಲೆ ಇರುವ ಸಣ್ಣ ಕಿಂಡಿಯಿಂದ ಔಷಧಿ ಬಿಡುತ್ತೇವೆ. ಈ ವಯಸ್ಸಿಗೆ ಬೆನ್ನುಹುರಿ ಅಲ್ಲಿಂದ ತುಂಬಾ ಮೇಲೆಯೇ ಮುಗಿದಿರುತ್ತದೆ. ಅಪಾಯವೇ ಇಲ್ಲ ಅಂತ ನಾನು ಹೇಳಲಾರೆ. ಔಷಧಿ ರಕ್ತನಾಳಕ್ಕೆ ಹೋದರೆ ಹೃದಯದ ಬಡಿತ ಏರುಪೇರಾಗಬಹುದು. ಅದಕ್ಕೇ ತೂಕ ನೋಡಿ ಲೆಕ್ಕ ಹಾಕುತ್ತೇವೆ, ರಕ್ತ ಬರುತ್ತದಾ ಅಂತ ಪರೀಕ್ಷಿಸಿ ಸ್ವಲ್ಪ ಸ್ವಲ್ಪವೇ ಬಿಡುತ್ತೇವೆ. ಅಂಥದ್ದು ಆಗುವುದು ಬಹಳ ಅಪರೂಪ.

ಹೈಪೋಸ್ಪಾಡಿಯಾಸ್‌ಗೆ ಮಾತ್ರ ಇನ್ನೊಂದು ಮಾತಿದೆ. ಕಾಡಲ್ ಕೊಟ್ಟ ಮಕ್ಕಳಲ್ಲಿ ಹೊಲಿಗೆ ಬಿಟ್ಟು ಮೂತ್ರ ಸೋರುವುದು ಜಾಸ್ತಿಯೇ ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ನಡೆದಿದೆ, ತೀರ್ಮಾನವಾಗಿಲ್ಲ. ಶಿಶ್ನದ ಬುಡದಲ್ಲೋ ಆ ಭಾಗದ ನೋವನ್ನು ತಿಳಿಸುವ ಪುಡೆಂಡಲ್ ನರದ ಹತ್ತಿರವೋ ಕೊಡುವ ಬ್ಲಾಕ್ ಕೂಡ ಇದೆ. ಅದರಲ್ಲಿ ಕಾಲು ಜೋಮು ಹಿಡಿಯುವುದಿಲ್ಲ. ನಿಮ್ಮ ಮಗನಿಗೆ ಯಾವುದು, ಯಾಕೆ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ ಅಲ್ವಾ?

ನನಗೆ ಸೂಜಿಗಿಂತ ಜಾಸ್ತಿ ಚಿಂತೆ ಅದರ ಪ್ರಭಾವ ಇಳಿಯುವ ಹೊತ್ತಿನದು. ಜೋಮು ಹಿಡಿಸುವ ಔಷಧಿ ಬುಪಿವಕೇನ್ ಒಂದನ್ನೇ ಕೊಟ್ಟಿದ್ದರೆ ಕಾಡಲ್ 4ರಿಂದ 6 ಗಂಟೆ ಇರುತ್ತದೆ. ಹಿಂದೆ ಒಬ್ಬ ಹುಡುಗನಿಗೆ ಮಧ್ಯಾಹ್ನ 2ಕ್ಕೆ ಕೊಟ್ಟಿದ್ದೆ. ಸಂಜೆಯೆಲ್ಲಾ ಆಡಿಕೊಂಡಿದ್ದ. ಅಳುತ್ತಿಲ್ಲವಲ್ಲಾ ಅಂತ ಸಿರಪ್ ಯಾರೂ ಕುಡಿಸಲಿಲ್ಲ. ರಾತ್ರಿ 8ಕ್ಕೆ ಚೀರಿಕೊಂಡು ಎದ್ದ, ಆಮೇಲೆ ಔಷಧಿ ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು. ಆ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ವಾರ್ಡಿನಲ್ಲಿ ಅಡ್ಡಾಡಿದ್ದು ಇನ್ನೂ ಕಣ್ಣಮುಂದಿದೆ. ಸರಿಯಾಗಿ ತಿಳಿಸಿ ಹೇಳಬೇಕಿದ್ದವಳು ನಾನೇ.

ಹಾಗಾಗಿ ಅಳಲಿ ಅಂತ ಕಾಯಬೇಡಿ. ಬ್ಲಾಕ್ ಇಳಿಯುವ ಮೊದಲೇ ಪ್ಯಾರಾಸಿಟಮಾಲ್ ಶುರುವಾಗಬೇಕು. ಸಾಮಾನ್ಯವಾಗಿ ಕೆಜಿಗೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ. 12 ಕೆಜಿ ಮಗುವಿಗೆ 180 ಮಿಲಿಗ್ರಾಂ ಆಯಿತು. 5 ಎಂಎಲ್‌ಗೆ 120 ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬಾಟಲಿ ತೋರಿಸಿ, ಎಷ್ಟು ಎಂಎಲ್ ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಎಚ್ಚರವಾದಾಗ ಕಾಲು ಭಾರ ಅನ್ನಿಸಿ ಮಗು ಗಾಬರಿಯಾಗಬಹುದು. ಎತ್ತಿಕೊಳ್ಳಿ, ಕಾಲಿನ ಶಕ್ತಿ ಬರುವವರೆಗೆ ನಿಲ್ಲಿಸಬೇಡಿ.

ಆಪರೇಷನ್ನಿಗೆ ಮೊದಲು ಒಮ್ಮೆ ಅವನ ಬೆನ್ನಿನ ತಳ ನೋಡಿ. ಅಲ್ಲಿ ಗುಳಿ, ಕೂದಲಿನ ಗೊಂಚಲು ಅಥವಾ ಗುಳ್ಳೆ ಇದ್ದರೆ, ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದ್ದರೆ ತಪ್ಪದೆ ಹೇಳಿ. ಆಗ ಕಾಡಲ್ ಬಿಟ್ಟು ಬೇರೆ ದಾರಿ ನೋಡುತ್ತಾರೆ.