ಸಂಪಾದಕರ ಉತ್ತರ: ಖಾಲಿದ್ ಜಮೀಲ್ ಉಳಿಯಲಿ

ಸುಂಟಿಕೊಪ್ಪದ ಓದುಗರೇ, ನಮಸ್ಕಾರ.

ನಿಮ್ಮ ಪತ್ರ ಉದ್ದವಿದೆ, ಸಿಟ್ಟೂ ಇದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಹಾಗಾಗಿ ಬೇರೆ ಓದುಗರಿಗಾಗಿ ಅದರ ತಿರುಳನ್ನು ಮೊದಲು ಹೇಳುತ್ತೇನೆ. 2025ರ ನವೆಂಬರ್ 18ರಂದು ಢಾಕಾದಲ್ಲಿ ನಮ್ಮ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು 1-0 ಅಂತರದಲ್ಲಿ ಸೋತಿತು. ಬಾಂಗ್ಲಾ ನಮ್ಮನ್ನು ಸೋಲಿಸಿ 22 ವರ್ಷ ಆಗಿತ್ತು. ಆ ರಾತ್ರಿಯೇ ನೀವು ಬರೆಯಲು ಕೂತಿದ್ದೀರಿ. ತಂಡದ ಕೋಚ್ ಖಾಲಿದ್ ಜಮೀಲ್ ಅವರನ್ನು ಇಳಿಸಿ, ಹೆಸರಿರುವ ವಿದೇಶಿ ಕೋಚ್ ತನ್ನಿ ಅನ್ನುತ್ತೀರಿ. ಗ್ರಹಾಂ ರೀಡ್, ಕ್ರೇಗ್ ಫುಲ್ಟನ್ ಬಂದು ಹಾಕಿಗೆ ಎರಡು ಒಲಿಂಪಿಕ್ ಕಂಚು ತಂದುಕೊಟ್ಟರಲ್ಲ, ಕೊಡಗಿನವರಿಗೆ ಇದನ್ನೂ ಬಿಡಿಸಿ ಹೇಳಬೇಕಾ ಅಂತ ಕೇಳಿದ್ದೀರಿ. ಅದಾಗದಿದ್ದರೆ ಸುನಿಲ್ ಚೆಟ್ರಿ ಕೈಗೇ ತಂಡ ಕೊಡಿ ಅನ್ನುವುದು ನಿಮ್ಮ ಎರಡನೇ ಸಲಹೆ.

ನಾನು ಎರಡನ್ನೂ ಒಪ್ಪುವುದಿಲ್ಲ. ಖಾಲಿದ್ ಉಳಿಯಬೇಕು. ಮುಂದಿನ ಏಷ್ಯನ್ ಕಪ್ ಅರ್ಹತಾ ಸುತ್ತು ಮುಗಿಯುವ ತನಕ ಅವರನ್ನು ಯಾರೂ ಅಲುಗಾಡಿಸಬಾರದು. ಯಾಕೆ ಅಂತ ಹೇಳುತ್ತೇನೆ.

ಹಾಕಿಯಿಂದಲೇ ಶುರು ಮಾಡೋಣ. ನೀವು ಟೋಕಿಯೊ, ಪ್ಯಾರಿಸ್ ನೆನಪಿಟ್ಟುಕೊಂಡಿದ್ದೀರಿ. ಲಂಡನ್‌ ಅನ್ನೂ ನೆನಪಿಸಿಕೊಳ್ಳಿ. 2012ರಲ್ಲೂ ನಮ್ಮ ಹಾಕಿ ಕೋಚ್ ವಿದೇಶಿಯೇ, ಆಸ್ಟ್ರೇಲಿಯಾದ ಮೈಕಲ್ ನಾಬ್ಸ್. ಎಸ್.ವಿ. ಸುನಿಲ್, ರಘುನಾಥ್, ಉತ್ತಪ್ಪ, ಹೀಗೆ ನಮ್ಮ ಜಿಲ್ಲೆಯವರೇ ಮೂವರು ಆ ತಂಡದಲ್ಲಿದ್ದರು. ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 12 ತಂಡಗಳಲ್ಲಿ 12ನೇ ಸ್ಥಾನ. ಅದಕ್ಕೂ ಮುಂಚೆ, 2004ರ ಅಥೆನ್ಸ್ ಒಲಿಂಪಿಕ್ಸ್ ಹತ್ತಿರ ಬಂದಾಗ ಜರ್ಮನಿಯ ಗೆರ್ಹಾರ್ಡ್ ರಾಕ್ ಅವರನ್ನು ತರಾತುರಿಯಲ್ಲಿ ಕರೆತಂದಿದ್ದರು. 7ನೇ ಸ್ಥಾನಕ್ಕೆ ಮುಗಿಯಿತು. ವಿದೇಶಿ ಕೋಚ್ ಬಂದರೆ ಪದಕ ಬರುತ್ತದೆ ಅನ್ನುವುದಾದರೆ ಆಗಲೂ ಬರಬೇಕಿತ್ತು ಅಲ್ವಾ?

ಹಾಗಾದರೆ ಲಂಡನ್‌ನಿಂದ ಟೋಕಿಯೊ ನಡುವೆ ಏನಾಯಿತು? 2016ರ ಡಿಸೆಂಬರ್‌ನಲ್ಲಿ ಲಖನೌದಲ್ಲಿ ನಮ್ಮ ಜೂನಿಯರ್ ತಂಡ ವಿಶ್ವಕಪ್ ಗೆದ್ದಿತು. ಅದರ ಕೋಚ್ ಬಿಹಾರದ ಹರೇಂದ್ರ ಸಿಂಗ್. ಹರ್ಮನ್‌ಪ್ರೀತ್, ಸಿಮ್ರನ್‌ಜೀತ್, ಗುರ್ಜಂತ್, ವರುಣ್ ಕುಮಾರ್ ಆ ತಂಡದ ಹುಡುಗರು. ಐದು ವರ್ಷ ಆಗುವ ಮುಂಚೆ ಇದೇ ಹುಡುಗರು ರೀಡ್ ಕೈಕೆಳಗೆ ಟೋಕಿಯೊದಲ್ಲಿ ಕಂಚು ಕೊರಳಿಗೆ ಹಾಕಿಕೊಂಡರು. ಈ ನಡುವೆ, 2018ರಲ್ಲಿ, ಒಡಿಶಾ ಸರ್ಕಾರ ತಂಡದ ಪ್ರಾಯೋಜಕತ್ವ ವಹಿಸಿಕೊಂಡಿತು. ಹುಡುಗರು ವರ್ಷದ ಬಹುಪಾಲು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಶಿಬಿರದಲ್ಲೇ ಇರುತ್ತಿದ್ದರು. ಒಟ್ಟಿಗೆ ಊಟ, ಒಟ್ಟಿಗೆ ಓಟ, ಕಣ್ಣೆದುರಿಗೇ ಕೋಚ್. ರೀಡ್ ದೊಡ್ಡ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕೈಗೆ ಸಿಕ್ಕಿದ್ದು ಹದವಾಗಿ ತಯಾರಾದ ಹುಡುಗರು, ಜೊತೆಗೆ ಬೇಕಾದಷ್ಟು ದಿನಗಳು.

ಫುಟ್‌ಬಾಲ್‌ನಲ್ಲಿ ರಾಷ್ಟ್ರೀಯ ಕೋಚ್‌ಗೆ ಈ ಎರಡೂ ಸಿಗಲ್ಲ. ಫಿಫಾ ಗೊತ್ತು ಮಾಡಿದ ಕೆಲವು ದಿನ ಮಾತ್ರ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಬೇಕು. ಅಷ್ಟರಲ್ಲಿ ಎರಡು ಪಂದ್ಯ, ನಡುವೆ ವಿಮಾನ ಪ್ರಯಾಣ, ಒಂದೆರಡು ದಿನ ವಿಶ್ರಾಂತಿ. ಆಮೇಲೆ ಎಲ್ಲರೂ ಮತ್ತೆ ಕ್ಲಬ್‌ಗೆ. ಒಬ್ಬನಿಗೆ ಎಡಗಾಲಲ್ಲಿ ಪಾಸ್ ಕೊಡುವುದನ್ನು ಕಲಿಸಲು ಇಲ್ಲಿ ಸಮಯವೇ ಇಲ್ಲ. ಅದನ್ನು ಕಲಿಯಬೇಕಾದ್ದು ಹನ್ನೆರಡನೇ ವಯಸ್ಸಿನಲ್ಲಿ.

ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಫುಟ್‌ಬಾಲ್‌ನ ಹಳೆಯ ಕಥೆಯಲ್ಲೇ ಇದೆ. ಹೈದರಾಬಾದ್‌ನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಆಟಗಾರನಾಗಿ ದೊಡ್ಡ ಹೆಸರು ಮಾಡಿದವರೇನೂ ಅಲ್ಲ. ಹುಡುಗರಿಗೆ ದುರ್ಬಲವಾದ ಕಾಲಿನಲ್ಲೇ ಆಡಬೇಕು ಅಂತ ಪಂದ್ಯ ಇಡುತ್ತಿದ್ದರಂತೆ. ಡ್ರಿಬಲ್ ಮಾಡಬಾರದು, ಪಾಸ್ ಕೊಟ್ಟೇ ಮುಂದೆ ಹೋಗಬೇಕು ಅಂತಲೂ ಪಂದ್ಯ. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ, 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ.

ಜಕಾರ್ತದ್ದು ಸ್ವಲ್ಪ ವಿವರವಾಗಿ ಹೇಳಬೇಕು. ಡಿಫೆಂಡರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಹೊಲಿಗೆ ಹಾಕಿದ ತಲೆಯವನನ್ನು ಹಿಂದೆ ನಿಲ್ಲಿಸುವುದು ಕಷ್ಟ. ತಂಡದಿಂದ ಬಿಡುವುದೂ ಕಷ್ಟ. ರಹೀಮ್ ಸಾಹೇಬರು ಜರ್ನೈಲ್ ಅವರನ್ನೇ ಸೆಂಟರ್ ಫಾರ್ವರ್ಡ್ ಮಾಡಿ ಇಳಿಸಿದರು. ಸೆಮಿಫೈನಲ್‌ನಲ್ಲಿ ಗೋಲು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಇನ್ನೊಂದು ಗೋಲು. ಪಿ.ಕೆ. ಬ್ಯಾನರ್ಜಿ ಹೊಡೆದದ್ದೂ ಸೇರಿ 2-1. ರಹೀಮ್‌ಗೆ ಆಗಲೇ ಕ್ಯಾನ್ಸರ್. ಮುಂದಿನ ವರ್ಷ ಜೂನ್‌ನಲ್ಲಿ ತೀರಿಹೋದರು. ಜರ್ನೈಲ್ ಎಂಥ ಆಳು, ಯಾವ ನೋವನ್ನು ತಡೆದುಕೊಳ್ಳುತ್ತಾನೆ, ಮುಂದೆ ಬಿಟ್ಟರೆ ಏನು ಮಾಡುತ್ತಾನೆ ಅಂತ ಗೊತ್ತಿದ್ದವರಿಗೆ ಮಾತ್ರ ಅಂಥ ತೀರ್ಮಾನ ಮಾಡುವ ಧೈರ್ಯ ಬರುತ್ತದೆ. ನನಗೆ ಕೋಚ್ ಅಂದರೆ ಅದು.

1964ರಲ್ಲಿ ಭಾರತ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಆಗ ಕೋಚ್ ಇಂಗ್ಲೆಂಡಿನ ಹ್ಯಾರಿ ರೈಟ್. ಕ್ಯಾಪ್ಟನ್ ಜಕಾರ್ತದಲ್ಲೂ ತಂಡ ಮುನ್ನಡೆಸಿದ್ದ ಚುನಿ ಗೋಸ್ವಾಮಿ, ಬೆಳೆದದ್ದು ರಹೀಮ್ ಕಾಲದಲ್ಲಿ. ರೀಡ್ ಮತ್ತು ಹರೇಂದ್ರ ಕಥೆಯೇ ಇಲ್ಲೂ ಇದೆ ನೋಡಿ. ಹೊರಗಿನವರು ಬಂದಾಗ ಗೆದ್ದಿದ್ದೇವೆ. ಆದರೆ ಇಲ್ಲಿನ ಯಾರೋ ಒಬ್ಬರು ಹುಡುಗರನ್ನು ತಯಾರು ಮಾಡಿಟ್ಟಿದ್ದಾಗ ಗೆದ್ದಿದ್ದೇವೆ.

ಹಾಗಂತ ವಿದೇಶಿ ಕೋಚ್‌ಗಳ ಮೇಲೆ ನನಗೆ ದ್ವೇಷವಿಲ್ಲ. ಬಾಬ್ ಹೌಟನ್ ಐದು ವರ್ಷ ಇದ್ದರು. ಎರಡು ನೆಹರೂ ಕಪ್ ಗೆದ್ದರು, 1984ರ ನಂತರ ಮೊದಲ ಸಲ ನಮ್ಮನ್ನು ಏಷ್ಯನ್ ಕಪ್‌ಗೆ ಮುಟ್ಟಿಸಿದರು. ಸ್ಟೀಫನ್ ಕಾನ್‌ಸ್ಟಂಟೈನ್ 2015ರಲ್ಲಿ ಮತ್ತೆ ಬಂದ ಹೊಸದರಲ್ಲಿ ನಾವು ರ‍್ಯಾಂಕಿಂಗ್‌ನಲ್ಲಿ 173ಕ್ಕೆ ಇಳಿದಿದ್ದೆವು. 2017ರ ಜುಲೈಯಲ್ಲಿ 96. ಸಮಯ ಕೊಟ್ಟವರಿಗೆ ಫಲ ಸಿಕ್ಕಿದೆ. ಆದರೆ ಅವರು ಎದ್ದು ಹೋದ ಮೇಲೆ ಏನು ಉಳಿಯಿತು? 2025ರ ಕೊನೆಗೆ 140ರ ಆಚೆ ಬಂದು ನಿಂತೆವು. ತೋಟದಲ್ಲಿ ಹೊಸ ಗಿಡ ನೆಡದೆ ಮೇಲ್ವಿಚಾರಕನನ್ನು ಮಾತ್ರ ಬದಲಾಯಿಸುತ್ತಾ ಹೋದರೆ ಫಸಲು ಎಲ್ಲಿಂದ ಬರಬೇಕು?

2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಸ್ಯಾಫ್ (ದಕ್ಷಿಣ ಏಷ್ಯಾ ಟೂರ್ನಿ) ಫೈನಲ್ ನೋಡಿದೆ ಅಂತ ಬರೆದಿದ್ದೀರಿ. ಕುವೈತ್ ಜೊತೆ 1-1, ಆಮೇಲೆ ಪೆನಾಲ್ಟಿ, ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಒದೆತ ತಡೆದರು. ಕ್ರೀಡಾಂಗಣ ತುಂಬಾ ವಂದೇ ಮಾತರಂ. ಆ ದಿನ ಆಗಿನ ಕೋಚ್ ಇಗೊರ್ ಸ್ಟಿಮಾಚ್‌ಗೆ ಅಮಾನತು ಇತ್ತು ಅನ್ನುವುದು ನೆನಪಿದೆಯಾ? ಗೆರೆ ಪಕ್ಕ ನಿಂತು ತಂಡ ನಡೆಸಿದವರು ಸಹಾಯಕ ಕೋಚ್, ಗೋವಾದ ಮಹೇಶ್ ಗಾವ್ಳಿ. ಸೆಮಿಫೈನಲ್‌ನಲ್ಲೂ ಅವರೇ. ಸ್ಟಿಮಾಚ್ 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾದ ಆಟಗಾರ. ನೀವು ಕೇಳುವ ಹೆಸರು, ಅನುಭವ ಎರಡೂ ಇದ್ದವರು. ಐದು ವರ್ಷದ ಅವಕಾಶವೂ ಸಿಕ್ಕಿತು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ ಆಡಿ ಒಂದು ಗೋಲನ್ನೂ ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ ಸೋತೆವು. ಅವರ ನಂತರ ಮನೋಲೊ ಮಾರ್ಕೆಜ್ ಬಂದರು. ಐಎಸ್‌ಎಲ್ (ದೇಶದ ಮುಖ್ಯ ಕ್ಲಬ್ ಲೀಗ್) ಅನ್ನು ಚೆನ್ನಾಗಿ ಬಲ್ಲವರು, ಒಳ್ಳೆಯ ಕೋಚ್. ಆದರೆ ಎಫ್‌ಸಿ ಗೋವಾವನ್ನೂ ನಡೆಸುತ್ತಾ ದೇಶದ ತಂಡವನ್ನೂ ನಡೆಸಬೇಕು ಅಂತ ಫುಟ್‌ಬಾಲ್ ಒಕ್ಕೂಟವೇ ಒಪ್ಪಿಕೊಂಡಿತು. ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತದೋ ಅದೇ ಆಯಿತು. ಈ ವಿಷಯದಲ್ಲಿ ನನಗೆ ಕೋಚ್‌ಗಿಂತ ಒಕ್ಕೂಟದ ಮೇಲೇ ಜಾಸ್ತಿ ಕೋಪ.

ಈಗ ಖಾಲಿದ್ ವಿಷಯ. 2025ರ ಆಗಸ್ಟ್ 1ರಂದು ಅವರ ಹೆಸರು ಪ್ರಕಟವಾಯಿತು. ಸಾವಿಯೊ ಮೆಡೀರಾ 2012ರಲ್ಲಿ ಹೋದ ಮೇಲೆ ಭಾರತೀಯರೊಬ್ಬರು ಈ ಕುರ್ಚಿಯಲ್ಲಿ ಪೂರ್ಣಾವಧಿಗೆ ಕೂತಿದ್ದು ಇದೇ ಮೊದಲು. ಅದಕ್ಕೆ ಹೆಮ್ಮೆಪಡುವುದು ಬಿಡುವುದು ಅವರವರ ಇಷ್ಟ. ಅವರ ಪರವಾಗಿ ನಾನು ನಿಲ್ಲುವುದು ಬೇರೆ ಕಾರಣಕ್ಕೆ. ಐಜ್ವಾಲ್ ಎಫ್‌ಸಿ ಒಂದು ವರ್ಷ ಆಗಿನ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಕ್ಕೆ ಬಿದ್ದು, ಹೇಗೋ ಮತ್ತೆ ಒಳಗೆ ಬಂದ ತಂಡ. ಹಣವಿಲ್ಲ, ಹೆಸರಿಲ್ಲ. 2016-17ರಲ್ಲಿ ಖಾಲಿದ್ ಅದೇ ತಂಡಕ್ಕೆ ಲೀಗ್ ಗೆದ್ದುಕೊಟ್ಟರು. ಆಮೇಲೆ ನಾರ್ತ್‌ಈಸ್ಟ್ ಯುನೈಟೆಡ್, ಜಮ್ಶೆಡ್‌ಪುರ. ಎಲ್ಲ ಕಡೆಯೂ ಕೈಗೆ ಸಿಕ್ಕ ಹುಡುಗರಲ್ಲೇ ಕೆಲಸ ತೆಗೆದವರು. ಇಲ್ಲಿಯ ಆಟಗಾರರನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವರು.

ಅವರಿಗೆ ನಾವು ಕೊಟ್ಟದ್ದೇನು? ಅವರು ಬರುವ ಹೊತ್ತಿಗೆ ಐಎಸ್‌ಎಲ್ ಅನ್ನೇ ತಡೆಹಿಡಿದಾಗಿತ್ತು. ಲೀಗ್‌ನ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರೆ ನವೆಂಬರ್‌ನಲ್ಲಿ ಒಂದೇ ಒಂದು ಬಿಡ್ ಬರಲಿಲ್ಲ. ಆಟಗಾರರಿಗೆ ಪಂದ್ಯವೇ ಇರಲಿಲ್ಲ. ಮೊದಲ ಶಿಬಿರಕ್ಕೆ ಮೋಹನ್ ಬಾಗಾನ್ ತನ್ನ ಆಟಗಾರರನ್ನು ಕಳಿಸಲಿಲ್ಲ. ಆದರೂ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನವನ್ನು ಅವರ ನೆಲದಲ್ಲೇ ಸೋಲಿಸಿದರು. ಒಮಾನ್ ಎದುರು ಪೆನಾಲ್ಟಿಯಲ್ಲಿ ಗೆದ್ದು ಮೂರನೇ ಸ್ಥಾನ ತಂದರು. ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ ಡಿಫೆಂಡರ್ ಸಂದೇಶ್ ಝಿಂಗನ್‌ಗೆ ಕೆಂಪು ಕಾರ್ಡ್ ಬಿದ್ದು ಹತ್ತೇ ಜನ ಉಳಿದಾಗ, ರಹೀಮ್ ಅಲಿ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು 1-1 ಮಾಡಿದರು. ಮಡಗಾಂವ್‌ನಲ್ಲಿ ಅದೇ ಸಿಂಗಪುರದ ಎದುರು ಮೊದಲು ಗೋಲು ಹೊಡೆದೂ 1-2 ಸೋತೆವು. 2027ರ ಏಷ್ಯನ್ ಕಪ್ ಅಲ್ಲಿಗೆ ಕೈತಪ್ಪಿತು. ಆ ಸೋಲು ನನಗೂ ನೋವು ಕೊಟ್ಟಿದೆ. ಮುನ್ನಡೆ ಸಿಕ್ಕ ಮೇಲೆ ತಂಡ ಯಾಕೆ ಹಿಂದೆ ಸರಿದು ಕೂತಿತು ಅಂತ ಖಾಲಿದ್ ಅವರನ್ನು ಕೇಳಲೇಬೇಕು. ಕೇಳೋಣ. ಆದರೆ ಢಾಕಾ ಸೋಲಿನ ಹೊತ್ತಿಗೆ ಬಂದು ನಾಲ್ಕು ತಿಂಗಳೂ ಆಗಿರದವರನ್ನು ಓಡಿಸಿದರೆ ಮುಂದೆ ಬರುವವರೂ ಇದೇ ಜಾಗದಿಂದಲೇ ಶುರು ಮಾಡಬೇಕು.

ಇನ್ನು ಚೆಟ್ರಿ. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ವಿದಾಯ ಹೇಳಿದ್ದರು. 2025ರ ಮಾರ್ಚ್‌ನಲ್ಲಿ 40ನೇ ವಯಸ್ಸಿನಲ್ಲಿ ಮತ್ತೆ ಕರೆಸಿಕೊಂಡೆವು. ಆ ಐಎಸ್‌ಎಲ್ ಋತುವಿನಲ್ಲಿ ಭಾರತೀಯರಲ್ಲಿ ಅತಿ ಹೆಚ್ಚು ಗೋಲು ಅವರದ್ದೇ, 14. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಈ ಸಂಖ್ಯೆ ನನ್ನನ್ನು ಕಂಗೆಡಿಸುತ್ತದೆ. ಇಪ್ಪತ್ತೆರಡರ ಹುಡುಗ ಆ ಪಟ್ಟಿಯ ಮೇಲೆ ಯಾಕಿಲ್ಲ? ನಮ್ಮ ಕ್ಲಬ್‌ಗಳಲ್ಲಿ ಗೋಲು ಹೊಡೆಯುವ ಜಾಗಕ್ಕೆ ವಿದೇಶಿಯರನ್ನು ತರುತ್ತಾರೆ. ನಮ್ಮ ಹುಡುಗನನ್ನು ಅಂಚಿಗೆ ತಳ್ಳುತ್ತಾರೆ, ಇಲ್ಲವೇ ಬೆಂಚಿನಲ್ಲಿ ಕೂರಿಸುತ್ತಾರೆ. ದೇಶದ ಕೋಚ್ ಹುಡುಕಲು ಹೊರಟಾಗ ಸ್ಟ್ರೈಕರ್ ಎಲ್ಲೂ ಸಿಗುವುದಿಲ್ಲ. ಖಾಲಿದ್ ಬಂದರೂ ಅಷ್ಟೆ, ಸ್ಪೇನ್‌ನಿಂದ ಯಾರು ಬಂದರೂ ಅಷ್ಟೆ. ಚೆಟ್ರಿ ಮೊದಲು 15 ವರ್ಷದೊಳಗಿನ ಹುಡುಗರ ತಂಡ ಕಟ್ಟಲಿ. ಗೋಲಿನ ಮುಂದೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ಊಹಿಸಿ ನಿಲ್ಲುವುದನ್ನು ಅವರಿಗಿಂತ ಚೆನ್ನಾಗಿ ಕಲಿಸುವವರು ನಮ್ಮಲ್ಲಿಲ್ಲ.

ಕೊನೆಯಲ್ಲಿ ನಮ್ಮ ಪತ್ರಿಕೆಯ ಮೇಲೂ ಒಂದು ದೂರು ಹೇಳಿದ್ದೀರಿ. ಹಾಕಿಗೆ ಪುಟಗಟ್ಟಲೆ, ಫುಟ್‌ಬಾಲ್‌ಗೆ ಅರ್ಧ ಕಾಲಂ ಅಂತ. ದೂರು ನ್ಯಾಯವಾದದ್ದೇ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಮಟ್ಟಕ್ಕೆ ಬೆಳೆದಿದೆ. ಅದನ್ನು ಬರೆಯದೆ ಇರಲು ಆಗಲ್ಲ. ಕೂಡಿಗೆ, ಪೊನ್ನಂಪೇಟೆ, ಮಡಿಕೇರಿಯ ಕ್ರೀಡಾ ಹಾಸ್ಟೆಲ್‌ಗಳಿಂದ ಹಾಕಿ ಹುಡುಗರಿಗೆ ಮುಂದಿನ ದಾರಿ ಕಾಣುತ್ತದೆ. ಆದರೆ ಸುಂಟಿಕೊಪ್ಪದ ಫುಟ್‌ಬಾಲ್ ಟೂರ್ನಿ ಗೋಲ್ಡ್ ಕಪ್‌ಗೆ ಸೇರುವ ಜನ, ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬಂದು ಆಡುವ ಹುಡುಗರು, ಗಡಿಯಾಚೆ ಕೇರಳದಿಂದ ಬರುವ ತಂಡಗಳು, ಇವೂ ಕೊಡಗೇ. ಹಾಕಿಯಲ್ಲಿ ದೇಶದ ಕ್ಯಾಪ್ಟನ್ ಆದ ನಮ್ಮ ಎಂ.ಪಿ. ಗಣೇಶ್ ಕೂಡ ಮೊದಲು ಫುಟ್‌ಬಾಲ್ ಆಡಿದವರೇ.

ಹಾಗಾಗಿ ಒಂದು ಕೋರಿಕೆ. ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ ಕಡೆ ಸಂಜೆ ಹೊತ್ತು ಚಿಕ್ಕ ಹುಡುಗರನ್ನು ಮೈದಾನಕ್ಕೆ ಇಳಿಸಿ ಆಡಿಸುವವರು ಯಾರಿದ್ದಾರೆ, ಅವರಿಗೆ ಚೆಂಡು, ಬೂಟು ಯಾರು ಕೊಡುತ್ತಾರೆ, ಹೆಣ್ಣುಮಕ್ಕಳು ಬರುತ್ತಾರಾ, ಮಳೆಗಾಲದಲ್ಲಿ ಏನು ಮಾಡುತ್ತಾರೆ, ಇಷ್ಟನ್ನು ವಿಚಾರಿಸಿ ಬರೆದು ಕಳಿಸಿ. ಅವರು ಒಪ್ಪಿದರೆ ಫೋನ್ ನಂಬರ್ ಕೂಡ ಇರಲಿ. ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ, ನಮ್ಮ ವರದಿಗಾರರು, ಫೋಟೋಗ್ರಾಫರ್ ಇಬ್ಬರೂ ಅಲ್ಲಿಗೆ ಬರುತ್ತಾರೆ. ಗೋಲ್ಡ್ ಕಪ್ ಸಂಚಿಕೆಗೆ ಎಂಟು ಪುಟ ತೆಗೆದಿಟ್ಟಿದ್ದೇನೆ.

ಸಂಪಾದಕ