ಎಲ್ಡು ಸ್ಕಿಟ್ ಭಾರಿ, ಉಳಿದದ್ದು ಬೋರು: ಇಂಥ ಲೈವ್ ಕಾಮಿಡಿ ಎಪಿಸೋಡಿಗೆ ಹತ್ತಕ್ಕ ಎಷ್ಟು ಕೊಡಬೇಕು?

ಅಮೆರಿಕಾದ ಟಿವಿ ಕಾಮಿಡಿ ಶೋ ಸ್ಯಾಟರ್ಡೇ ನೈಟ್ ಲೈವ್‌ದು ಒಂದ್ ಎಪಿಸೋಡ್ ನೋಡೀರಿ, ಎಲ್ಡು ಸ್ಕಿಟ್ಟಿಗೆ ಹೊಟ್ಟಿ ಹಿಡ್ಕೊಂಡು ನಕ್ಕೀರಿ, ಉಳಿದದ್ದು ಬೋರ್ ಹೊಡೀತು, ಈಗ ರಿವ್ಯೂ ಬರೀಬೇಕು, ಒಂದೊಂದು ಸ್ಕಿಟ್ಟಿಗೂ ಮಾರ್ಕ್ಸ್ ಹಾಕಿ ಸರಾಸರಿ ತೆಗೆದ್ರ ನಡೀತೈತಾ ಅಂತ ಕೇಳೀರಿ. ನಡಿಯಂಗಿಲ್ರಿ. ಅದ ಸರಾಸರಿ ತೆಗ್ದು ನಾ ಒಂದು ಶೋ ಮುಚ್ಚಿಸೀನಿ, ಒಬ್ಬ ಚಲೋ ಹುಡ್ಗನ್ನ ಕಳ್ಕೊಂಡೀನಿ. ಉದ್ದ ಆಗ್ತೈತಿ, ಟೈಮ್ ಇದ್ರ ಓದ್ರಿ.

ನಮ್ದು ಗಂಗಾವತಿ ಕಡಿ. ಒಂದು ಲೋಕಲ್ ಕೇಬಲ್ ಚಾನೆಲ್‌ನಾಗ ನಾ ಪ್ರೋಗ್ರಾಮ್ ಹೆಡ್ ಇದ್ನಿ, ಹೆಸರಿಗಷ್ಟ ಹೆಡ್ಡು, ಕೆಲಸ ವೈರ್ ಎಳೆಯೋದ್ರಿಂದ ಹಿಡ್ದು ಜಾಹೀರಾತಿನ ರೊಕ್ಕ ವಸೂಲಿ ಮಾಡೋತನಕ ಎಲ್ಲಾ. 2024ರ ಗಣೇಶ ಹಬ್ಬಕ್ಕ ನಮ್ ಸಾಹುಕಾರ್ರು "ಈ ಸಲ ಆರ್ಕೆಸ್ಟ್ರಾ ಬ್ಯಾಡಲೇ, ಬ್ಯಾರೆ ಏನಾರ ಮಾಡು" ಅಂದ್ರು. ನಂಗ ಅಷ್ಟ ಬೇಕಾಗಿತ್ತು. ಆ ಅಮೆರಿಕಾದ ಶೋದ ಕ್ಲಿಪ್ ನೋಡಿ ನೋಡಿ ತಲಿ ಕೆಟ್ಟಿತ್ತು ನಂದು. ಅಲ್ಲಿ ಶನಿವಾರ ರಾತ್ರಿ ಹನ್ನೊಂದುವರೆ ಅಂದ್ರ ನಮಗ ಭಾನುವಾರ ಬೆಳಗ್ಗೆ ಒಂಬತ್ತು, ಚಳಿಗಾಲದಾಗ ಅವ್ರು ಗಡಿಯಾರ ಹಿಂದ ಸರಿಸಿದ ಮ್ಯಾಲ ಹತ್ತು, ಇಲ್ಲಿ ನಾವು ಒಗ್ಗರಣಿ ಮಿರ್ಚಿ ತಿನ್ನೋ ಹೊತ್ತಿಗೆ ಅಲ್ಲಿ ಲೈವ್ ನಡ್ದಿರ್ತೈತಿ. ಅದ ಲೆಕ್ಕದಾಗ ನಾವೂ ಮಾಡೋಣ ಅಂತ ಹೊಂಟ್ನಿ. ಮೊದ್ಲು ಒಂದು ರಾಜಕೀಯದ ಸ್ಕಿಟ್ಟು, ಆಮ್ಯಾಲ ಗೆಸ್ಟ್ ಬಂದು ನಾಕ್ ಮಾತು, ಸ್ಕಿಟ್ಟು, ಹಾಡು, ಅವ್ರ ವೀಕೆಂಡ್ ಅಪ್‌ಡೇಟ್ ಇದ್ದಂಗ ನ್ಯೂಸ್ ಓದೋ ನೆವದಾಗ ಊರಿನ ಕಾಲೆಳೆಯೋದು, ಮತ್ತ ಸ್ಕಿಟ್ಟು. ಕಲ್ಯಾಣ ಮಂಟಪದಾಗ ಜನ ಕೂಡಿಸಿ, ಅಲ್ಲಿಂದ್ಲೇ ಕೇಬಲ್‌ಗೆ ಲೈವ್.

ಟೀಮಿನಾಗ ಒಬ್ಬ ಹುಡ್ಗ ಇದ್ದ, ಡಿಗ್ರಿ ಓದ್ತಿದ್ದ, ಹೆಸರು ಬ್ಯಾಡ. ಮಾತಾಡಿದ್ರ ಪಕ್ಕದಾಗಿದ್ದವ್ರಿಗೂ ಕೇಳಂಗಿಲ್ಲ, ಮೆಲ್ಲಗ. ಆದ್ರ ಬರದ್ರ ಬರೀತಿದ್ದ ನೋಡ್ರಿ. ಆಗ ಏನಾಗಿತ್ತಪ್ಪಾ ಅಂದ್ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ, ಅಂದ್ರ ತುಂಗಭದ್ರಾ ಡ್ಯಾಮಿನ, 19ನೇ ಗೇಟು ಚೈನ್ ಕಟ್ಟಾಗಿ ಕೊಚ್ಕೊಂಡು ಹೋಗಿತ್ತಲ್ಲ, ನಮ್ ಕಡಿ ಭತ್ತದ ರೈತ್ರು ಜೀವ ಕೈಯಾಗ ಹಿಡ್ಕೊಂಡು ಕುಂತಿದ್ರು, ಆಮ್ಯಾಲ ಸ್ಟಾಪ್‌ಲಾಗ್ ಅಂತ ತಾತ್ಕಾಲಿಕ ಗೇಟಿನ ತುಂಡು ಇಳಿಸಿ ನೀರು ನಿಲ್ಲಿಸಿದ್ರು. ಇವ ಏನ್ ಬರದಿದ್ದ ಅಂದ್ರ, ಒಬ್ಬ ರೈತ ಪೊಲೀಸ್ ಸ್ಟೇಷನ್‌ಗೆ ಹೋಗಿ ಗೇಟ್ ಕಾಣೆಯಾಗೈತಿ ಅಂತ ಕಂಪ್ಲೇಂಟ್ ಕೊಡ್ತಾನ. ಪೊಲೀಸಪ್ಪ ಮನುಷ್ಯ ಕಳದಂಗ ಎಲ್ಲಾ ಬರ್ಕೊಂತಾನ. ವಯಸ್ಸೆಷ್ಟು? "ಎಪ್ಪತ್ತು ದಾಟಿತ್ರಿ." ಮನ್ಯಾಗ ಜಗಳ ಏನಾರ ಆಗಿತ್ತಾ? "ಇಲ್ರಿ ಸಾರ್, ಮೂವತ್ಮೂರು ಮಂದಿ ಒಂದ ಸಾಲಿನ್ಯಾಗ ನಿಂತಿರ್ತಿದ್ರು, ಒಬ್ರಿಗೊಬ್ರು ಮಾತ ಇದ್ದಿಲ್ಲ." ಕೊನಿಗೆ ಯಾವ ಕಡಿ ಹೋಗಿದ್ದು ನೋಡೀರಿ? "ಆಂಧ್ರದ ಕಡಿ ಸಾರ್." ಕರ್ಕೊಂಡು ಹೋದವ್ರ ಮ್ಯಾಲ ಡೌಟ್ ಐತೇನು? ರೈತನ ಪಾತ್ರ ಮಾಡಿದ್ದ ನಮ್ ಹುಡ್ಗ ಸುಮ್ನ ನಿಂತು, ಎಲ್ಲಾರ ಮಾರಿ ನೋಡಿ, "ನೀರಿನ ಮ್ಯಾಲ ಐತ್ರಿ" ಅಂತಾನ. ಇಷ್ಟ ಸ್ಕಿಟ್ಟು. ಇದನ್ನ ನಾನು ಕಟ್ಟಕಡೀಗೆ ಇಟ್ನಿ, ಅದೂ ಒಂದು ಡ್ಯಾನ್ಸ್ ಐಟಮ್ ಆದ ಮ್ಯಾಲ.

ಈಗ ನಾ ಮಾಡಿದ ತಪ್ಪು ಹೇಳ್ತೀನಿ, ಇದನ್ನ ಸರಿಯಾಗಿ ತಿಳ್ಕೊಳ್ರಿ ಯಾಕಂದ್ರ ನೀವೂ ಇದನ್ನ ಮಾಡಾಕ ಹೊಂಟೀರಿ. ಸ್ಟೇಜ್ ಮ್ಯಾಲ ಇದ್ದವ್ರಿಗೆಲ್ಲ ಕಾಲರ್ ಮೈಕ್ ಹಾಕಿದ್ವಿ. ಜನ ಕುಂತ ಕಡಿ ಒಂದ ಒಂದು ಮೈಕ್ ಇದ್ದಿಲ್ಲ. ಬಾಡಿಗಿ ಉಳೀತೈತಿ ಅಂತ ನಾನ ಬ್ಯಾಡ ಅಂದಿದ್ನಿ, ಜನರ ಗದ್ದಲ ಯಾಕ ಬೇಕು, ಡೈಲಾಗ್ ಕ್ಲಿಯರ್ ಬಂದ್ರ ಸಾಕು ಅಂತ. ಹಂಗಾಗಿ ಮನ್ಯಾಗ ಟಿವಿ ಮುಂದ ಕುಂತವ್ರಿಗೆ ನಟರ ಮಾತಷ್ಟ ಕೇಳ್ತಿತ್ತು, ಮಂಟಪದ ನಗು ಕೇಳ್ತಿದ್ದಿಲ್ಲ. ಸ್ಟೇಜ್ ಮ್ಯಾಲ ಕಾಮಿಡಿ ಮಾಡೋರು ಒಂದು ಮಾತು ಬಿಟ್ಟು ನಗು ಇಳಿಯೋತನಕ ಕಾಯ್ತಾರ, ನಮ್ ಗಂಗಾವತಿ ಪ್ರಾಣೇಶ್ ಅವ್ರ ಹಾಸ್ಯ ಕೇಳಿದವ್ರಿಗೆ ಇದು ಹೇಳ್ಬೇಕಾಗಿಲ್ಲ. ಹುಡ್ಗನೂ ಕಾಯ್ದ. ನಗು ಇದ್ದಾಗ ಆ ಕಾಯೋದು ಟೈಮಿಂಗ್ ಅನಿಸ್ತೈತಿ, ನಗು ಕೇಳಲಿಲ್ಲಂದ್ರ ಅದ ಕಾಯೋದು ಡೈಲಾಗ್ ಮರ್ತಂಗ ಕಾಣ್ತೈತಿ. ಅದ ಆತು. "ಹುಡ್ಗ ಡೈಲಾಗ್ ಮರ್ತು ನಿಂತಾನ" ಅಂತ ಮೆಸೇಜ್ ಮ್ಯಾಲ ಮೆಸೇಜ್.

ನೀವು ಕೇಳ್ಬಹುದು, ನೀ ಅಲ್ಲೇ ಇದ್ದಿಯಲ್ಲೋ ಮಾರಾಯ, ನಿಂಗ ಗೊತ್ತಾಗ್ಲಿಲ್ಲೇನು ಅಂತ. ಇಲ್ರಿ. ನಾ ಸ್ಟೇಜ್ ಹಿಂದ ಕ್ಯಾಮೆರಾ ಬದ್ಲಿ ಮಾಡೋ ಸ್ವಿಚರ್ ಮಷಿನ್ ಮುಂದ ಕಿವೀಗೆ ಹೆಡ್‌ಫೋನ್ ಬಿಗ್ಕೊಂಡು ಕುಂತಿದ್ನಿ. ಹೆಡ್‌ಫೋನ್‌ನಾಗ ಬರೋದು ಅದ ಮಿಕ್ಸರ್‌ದ ಔಟ್‌ಪುಟ್ಟು, ಅಂದ್ರ ಟಿವಿಗೆ ಹೋಗೋ ಆಡಿಯೋನ. ನಾಕ್ ಮಾರ್ ದೂರದಾಗ ಮಂಟಪ ಹಾರಿಹೋಗೋಹಂಗ ನಗ್ತಿದ್ರೂ ನನ್ ಕಿವ್ಯಾಗ ಸ್ಮಶಾನ. ಮುಂದಿನ ದಿನ ರೆಕಾರ್ಡಿಂಗ್ ಹಾಕ್ಕೊಂಡು ನೋಡಿದ್ನಿ, ಅದ್ರಾಗೂ ಅದ. ಆವಾಗ ಎಕ್ಸೆಲ್ ಶೀಟ್ ತೆಗ್ದು ಒಂದೊಂದು ಸ್ಕಿಟ್ಟಿಗೆ ಹತ್ತಕ್ಕ ಮಾರ್ಕ್ಸ್ ಹಾಕಿದ್ನಿ. ಗಂಡ ಹೆಂಡ್ತಿ ಸ್ಕಿಟ್ಟಿಗೆ ಆರು, ಕುಡುಕನ ಸ್ಕಿಟ್ಟಿಗೆ ಆರು, ಇವನ್ದಕ್ಕ ಎಲ್ಡು. ಸರಾಸರಿ ಕೆಳಗ ಬಿತ್ತು. ಸಾಹುಕಾರ್ರು ಶೀಟ್ ನೋಡಿ "ಎಲ್ಡು ತಗೊಂಡಿದ್ದನ್ನ ಕಿತ್ತಾಕು, ಸರಾಸರಿ ತಾನ ಮ್ಯಾಲ ಬರ್ತೈತಿ" ಅಂದ್ರು. ಲೆಕ್ಕ ಸರಿ ಐತಲ್ಲ ಅನಿಸ್ತು ನಂಗೂ. ಟೀಮಿನ ಮುಂದ, ಎಲ್ಲಾರ ಮುಂದ, ಹುಡ್ಗಗ ಹೇಳಿದ್ನಿ, ನಿಂದು ಟಿವಿಗೆ ಹೊಂದಂಗಿಲ್ಲ ತಮ್ಮಾ ಅಂತ. ಅವ "ಆತಣ್ಣ" ಅಂದ. ಮತ್ತ ಬರ್ಲಿಲ್ಲ. ಅವನ ಜೋಡಿ ಬರೆಯೋರೂ ಬಿಟ್ರು.

ಆಮ್ಯಾಲ ದಸರಾ ಹೊತ್ತಿಗೆ ಯಾರೋ ವಾಟ್ಸಾಪ್‌ನಾಗ ಒಂದು ವಿಡಿಯೋ ಕಳಿಸಿದ್ರು, ಹಿಂದಿನ ಕುರ್ಚ್ಯಾಗ ಕುಂತವ ಮೊಬೈಲ್‌ನಾಗ ತೆಗೆದದ್ದು. ಅದ ಸ್ಕಿಟ್ಟು. "ನೀರಿನ ಮ್ಯಾಲ ಐತ್ರಿ" ಅಂದ ಕೂಡ್ಲೇ ಮೊಬೈಲ್ ಹಿಡಿದವನ ಕೈಯ ನಡುಗ್ತೈತಿ ಆ ನಗಿಗೆ, ಒಬ್ಬ ಅಜ್ಜ ಎದ್ದು ನಿಂತು ಚಪ್ಪಾಳಿ ಹೊಡೀತಾನ. ನಾ ಆರಾರು ಕೊಟ್ಟ ಸ್ಕಿಟ್‌ಗಳಿಗೆ ಅವ್ರು ನಗ್ತಿದ್ರಾ ಇಲ್ಲಾ ಮಿರ್ಚಿ ತಿಂತಿದ್ರಾ ಅಂತ ಯಾವ ವಿಡಿಯೋದಾಗೂ ಇಲ್ಲ, ಯಾಕಂದ್ರ ಅವನ್ನ ಯಾರೂ ಮೊಬೈಲ್‌ನಾಗ ತೆಗದ ಇಲ್ಲ. ಹುಡ್ಗಗ ಫೋನ್ ಹಚ್ಚಿದ್ನಿ. "ಇರ್ಲಿ ಬಿಡಣ್ಣ, ಪರೀಕ್ಷೆ ಅದಾವ" ಅಂದ. ಗಣೇಶ ಹಬ್ಬ ಆದ ಮ್ಯಾಲನೂ ಮುಂದುವರ್ಸಿದ್ದ ಶೋ ದೀಪಾವಳಿ ಆದ ಮ್ಯಾಲ ನಿಂತೋತು. ಎಲ್ಲಾ ಸ್ಕಿಟ್ಟಿಗೂ ಹತ್ತಕ್ಕ ಆರ, ಏಳಿತ ಇಲ್ಲ ಇಳಿತ ಇಲ್ಲ, ನಿಂತಿದ್ದು ಯಾರಿಗೂ ಗೊತ್ತೂ ಆಗ್ಲಿಲ್ಲ, ಸೀರಿ ಅಂಗಡಿಯವ್ರು ಸ್ಪಾನ್ಸರ್ ಬಿಟ್ರು ಅಷ್ಟ.

ಇನ್ನ ನಿಮ್ ಎಪಿಸೋಡ್ ವಿಷಯಕ್ಕ ಬರ್ತೀನಿ. ಮೊದಲ್ನೇ ಮಾತು, ಏರಿಳಿತ ಇತ್ತು ಅನ್ನೋದನ್ನ ನೀವು ದೋಷ ಅಂತ ಹಿಡದೀರಿ, ಅಲ್ಲೇ ನಂದು ನಿಮ್ದು ಜಗಳ. ಆ ಶೋ ಹುಟ್ಟಿದ್ದ ಹಂಗ. 1975ರ ಅಕ್ಟೋಬರ್ 11ಕ್ಕ ಶುರುವಾಗೈತಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾದ 8ಎಚ್ ಸ್ಟುಡಿಯೋ, ತೊಂಬತ್ತು ನಿಮಿಷ. ಸೋಮವಾರ ಹೋಸ್ಟ್, ಅಂದ್ರ ಆ ವಾರ ಶೋ ನಡೆಸಿಕೊಡೋ ಗೆಸ್ಟ್, ಮುಂದ ಐಡಿಯಾ ಹೇಳ್ತಾರ, ಮಂಗಳವಾರ ರಾತ್ರಿ ಎಲ್ಲಾ ಎದ್ದು ಬರೀತಾರ, ಬುಧವಾರ ಟೇಬಲ್ ಸುತ್ತ ಕುಂತು ಸುಮಾರು 40 ಸ್ಕಿಟ್ ಓದಿ ಹತ್ತೋ ಹನ್ನೆಲ್ಡೋ ಆರಿಸ್ತಾರ. ಶನಿವಾರ ರಾತ್ರಿ ಎಂಟಕ್ಕ ಜನರ ಮುಂದ ಒಂದು ಡ್ರೆಸ್ ರಿಹರ್ಸಲ್, ಅದು ಶೋಕ್ಕಿಂತ ಉದ್ದ, ಅಲ್ಲಿ ಬಿದ್ದದ್ದನ್ನ ತೆಗ್ದು ಆರ್ಡರ್ ಬದ್ಲಿ ಮಾಡಿ ಹನ್ನೊಂದುವರೆಗೆ ಲೈವ್. ಶೋ ಕಟ್ಟಿದ ಲಾರ್ನ್ ಮೈಕಲ್ಸ್ ಹೇಳೋದೊಂದೈತಿ, ರೆಡಿ ಆಗೈತಿ ಅಂತ ಶೋ ಶುರುವಾಗಂಗಿಲ್ಲ, ಹನ್ನೊಂದುವರೆ ಆತು ಅಂತ ಶುರುವಾಗ್ತೈತಿ ಅಂತ. ಹಿಂಗ ಮಾಡಿದ್ರಾಗ ಎಲ್ಲಾನೂ ಚಲೋ ಬರ್ಬೇಕು ಅಂದ್ರ ಹೆಂಗ್ರಿ? ನಿಮಗ ಸಮ ಬೇಕಂದ್ರ ನಮ್ ಟಿವಿ ಕಾಮಿಡಿ ಶೋ ನೋಡ್ರಿ, ರೆಕಾರ್ಡ್ ಮಾಡಿರ್ತಾರ, ಬಿದ್ದ ಜೋಕ್ ಎಡಿಟಿಂಗ್‌ನಾಗ ಹೋಗ್ತೈತಿ, ಜಡ್ಜ್ ನಗೋ ಶಾಟ್ ಬೇಕಾದ ಕಡಿ ಕುಂದ್ರಿಸ್ತಾರ. ಅದನ್ನ ಬೈಯಾಕತ್ತಿಲ್ಲ ನಾ, ನಮ್ಮವ್ವ ಅದನ್ನ ನೋಡ್ತಾಳ, ಅದು ಬ್ಯಾರೆ ಆಟ ಅಷ್ಟ.

ಎಲ್ಡನೇದು, ನೀವು ನೋಡಿದ್ದು ಎಪಿಸೋಡಾ ಕ್ಲಿಪ್ಪಾ? ಯೂಟ್ಯೂಬ್‌ನಾಗ ಬಿಡಿ ಬಿಡಿಯಾಗಿ ಬಿಟ್ಟಿದ್ದನ್ನ ಹಿಂದಮುಂದ ನೋಡಿದ್ರ ಅದು ಎಪಿಸೋಡ್ ಅಲ್ರಿ. ಯಾವ್ದು ಯಾವ್ದರ ಹಿಂದ ಬಂತು ಅನ್ನೋದ್ರಾಗ ಅರ್ಧ ಐತಿ, ನಾ ಡ್ಯಾನ್ಸ್ ಆದ ಮ್ಯಾಲ ಮೆಲ್ಲಗಿನ ಸ್ಕಿಟ್ ಇಟ್ಟಂಗ. ಅವ್ರಲ್ಲಿ ರಾತ್ರಿ ಒಂದಕ್ಕ ಹತ್ತು ನಿಮಿಷ ಇರೋವಾಗ ಬರೋ ಸ್ಕಿಟ್ಟಿಗೆ ಒಂದು ಮರ್ಯಾದಿನ ಬ್ಯಾರೆ ಐತಿ, ಹುಚ್ಚುಚ್ಚಾರ ಐಡಿಯಾ ಎಲ್ಲಾ ಅಲ್ಲಿಗೆ ತಳ್ತಾರ, ಅರ್ಧ ಊರು ಮಲಗಿರ್ತೈತಲ್ಲ. ಅದನ್ನ ಶುರುವಿನ ರಾಜಕೀಯದ ಸ್ಕಿಟ್ ಅಳೆಯೋ ಮೊಳದಾಗ ಅಳೀಬ್ಯಾಡ್ರಿ. ಅದು ಬಿದ್ರೂ ನಾ ಖುಷಿ ಪಡ್ತೀನಿ, ಶುರುವಿಂದು ಬಿದ್ರ ಮಾತ್ರ ಬೈತೀನಿ. ಯಾಕಂದ್ರ ಅದು ಸೋಮಾರಿತನದಿಂದ ಬೀಳೋದು ಜಾಸ್ತಿ, ವಾರದ ಸುದ್ದಿ ತಗೊಂಡು ವೇಷ ಹಾಕಿ ದನಿ ಅನುಕರಣೆ ಮಾಡಿದ್ರ ಮುಗೀತು ಅಂತ ತಿಳ್ಕೊಂಡಿರ್ತಾರ.

ಬೋರಾದವು ಅಂದ್ರಲ್ಲ, ಅವು ಯಾಕ ಬಿದ್ವು ಅಂತ ಹುಡುಕ್ರಿ, ರಿವ್ಯೂ ಅಂದ್ರ ಅದ. ಐಡಿಯಾನ ಇದ್ದಿಲ್ಲಾ? ಇಲ್ಲಾ ಐಡಿಯಾ ಐತಿ, ಒಂದ ಜೋಕನ್ನ ಐದು ನಿಮಿಷ ಎಳದ್ರಾ? ಮುಗಿಸೋದು ಗೊತ್ತಾಗ್ಲಿಲ್ಲಾ? ಈ ಕೊನೀದು ಆ ಶೋದ ಹಳೇ ರೋಗ, ಚಂದಾಗಿ ಹೋಗ್ತಿರೋ ಸ್ಕಿಟ್ಟು ಬಾಗ್ಲಾ ಸಿಗದವ್ರಂಗ ನಿಂತು ಬಿಡ್ತೈತಿ. ನಟರ ಕಣ್ಣು ಎದುರಿದ್ದವ್ರ ಮಾರಿ ಬಿಟ್ಟು ಪಕ್ಕಕ್ಕ ಹೋಗ್ತಾವಲ್ಲ, ಅದು ಕ್ಯೂ ಕಾರ್ಡ್ ಓದೋದು, ಕೈಲೆ ಬರದ ದೊಡ್ಡ ದೊಡ್ಡ ರಟ್ಟು, ಕೊನೀ ಗಳಿಗಿತನಕ ಡೈಲಾಗ್ ಬದ್ಲಿ ಆಗ್ತಿರ್ತಾವ ಅಂತ ಇಟ್ಟಿರ್ತಾರ. ಅದಕ್ಕ ಮಾರ್ಕ್ಸ್ ಕಟ್ ಮಾಡ್ಬ್ಯಾಡ್ರಿ. ನಟರು ತಾವ ನಕ್ಕುಬಿಡೋದು ಇರ್ತೈತಿ, ಒಮ್ಮೆ ಆದ್ರ ಚಂದ, ಪ್ರತಿ ವಾರ ಅದ ಆದ್ರ ನಮ್ ನಗು ಅವ್ರ ಕದ್ದಂಗ, ನಂಗಂತೂ ಸಿಟ್ಟು ಬರ್ತೈತಿ.

ಮತ್ತ ಸರಾಸರಿ ಯಾಕ ಬ್ಯಾಡ ಅಂತ ಅವ್ರ ಹಿಸ್ಟರಿನ್ಯಾಗ ಐತಿ. 1980ರಾಗ ಲಾರ್ನ್ ಮೈಕಲ್ಸ್ ಬಿಟ್ಟು ಹೋದ್ರು, ಹೊಸ ಟೀಮ್ ಬಂತು, ಆ ಸೀಸನ್ನು ಎಷ್ಟು ಕೆಟ್ಟದಿತ್ತು ಅಂದ್ರ ನಡುವ ಪ್ರೊಡ್ಯೂಸರ್‌ನ ತೆಗೆದ್ರು, ಶೋನ ಮುಚ್ಚೋ ಮಾತು ಬಂತು. ಆ ಕೆಟ್ಟ ಸೀಸನ್ನಿನ್ಯಾಗ ಒಂದು ಮೂಲ್ಯಾಗ ಹತ್ತೊಂಬತ್ತು ವರ್ಷದ ಒಬ್ಬ ಹುಡ್ಗ ಇದ್ದ, ಆಮ್ಯಾಲ ದೊಡ್ಡ ಸಿನಿಮಾ ನಟ ಆದ ಎಡ್ಡಿ ಮರ್ಫಿ. ಆ ಎಪಿಸೋಡ್‌ಗಳಿಗೆ ಎಕ್ಸೆಲ್ ಹಾಕಿದ್ರ ಹತ್ತಕ್ಕ ಮೂರೂ ಬರಂಗಿಲ್ಲ. ಆದ್ರ ಅದನ್ನ ಸರಿ ಮಾಡಾಕ ಬಂದ ಹೊಸ ಪ್ರೊಡ್ಯೂಸರ್ ಡಿಕ್ ಎಬರ್ಸೋಲ್ ಉಳಿದವ್ರನ್ನ ಕಳಿಸಿ ಮುಂದಿನ ಸೀಸನ್ನಿಗೆ ಉಳಿಸ್ಕೊಂಡಿದ್ದು ಇಬ್ಬರನ್ನ, ಮರ್ಫಿ ಮತ್ತ ಜೋ ಪಿಸ್ಕೊಪೊ. ಅದ ಹುಡ್ಗ ಆಮ್ಯಾಲ ಶೋನ ಎಳಕೊಂಡು ಹೋದ. ಎಬರ್ಸೋಲ್ ಎಪಿಸೋಡ್ ನೋಡಿ ಅದ್ರಾಗ ಯಾರ್ ಅದಾರ ಅಂತ ಹುಡುಕಿದ್ರು, ನಾ ಎಪಿಸೋಡ್ ನೋಡಿ ಎಷ್ಟೈತಿ ಅಂತ ಲೆಕ್ಕ ಹಾಕಿದ್ನಿ.

ಮೊದ್ಲಿನ ಕಾಲದಾಗ ಶೋ ಚಲೋ ಇತ್ತು, ಈಗ ಬಿದ್ದೋಗೈತಿ ಅಂತ ಒಂದು ಸಾಲು ಹಾಕೋ ಆಸೆ ಬರ್ತೈತಿ ನೋಡ್ರಿ, ಅದನ್ನ ಹಾಕ್ಲೇಬ್ಯಾಡ್ರಿ. ಹಳೇದ್ರಾಗ ಉಳಿದ ಕ್ಲಿಪ್ ಅಷ್ಟ ನಾವು ನೋಡ್ತೀವಿ, 2000ರ ಏಪ್ರಿಲ್‌ದಾಗ ನಟ ಕ್ರಿಸ್ಟೋಫರ್ ವಾಕನ್ ಹೋಸ್ಟ್ ಆಗಿ ಬಂದಾಗ ಮಾಡಿದ ಕೌಬೆಲ್ (ಹಸುವಿನ ಗಂಟಿ) ಸ್ಕಿಟ್ ಆ ಶೋ ನೋಡೋರಿಗೆಲ್ಲಾ ಗೊತ್ತು, ಅವತ್ತು ಅದ ರಾತ್ರಿ ಉಳಿದ ಸ್ಕಿಟ್ಟು ಯಾವ್ಯಾವು ಅಂತ ಯಾರನ್ನಾರ ಕೇಳಿ ನೋಡ್ರಿ.

ಸ್ಟಾರ್ ಹಾಕ್ಲೇಬೇಕು, ಎಡಿಟರ್ ಬಿಡಂಗಿಲ್ಲ ಅಂದ್ರ, ನಿಮಗ ನಗು ಬಂದ ಆ ಎಲ್ಡು ಸ್ಕಿಟ್ ಮ್ಯಾಲನ ಹಾಕ್ರಿ, ಧೈರ್ಯವಾಗಿ ನಾಕು ಕೊಡ್ರಿ ಐದಕ್ಕ. ಕೆಳಗ ಬೋರಾದವುಗಳ ಬಗ್ಗೆ ಒಂದೊಂದು ಸಾಲಿನ್ಯಾಗ ಕಾರಣ ಬರೀರಿ. ಬರಿಯೋಕ್ಕಿಂತ ಮೊದ್ಲು ಬಿದ್ದ ಸ್ಕಿಟ್ ಇನ್ನೊಮ್ಮೆ ಹಾಕಿ, ಡೈಲಾಗ್ ಬಿಟ್ಟು ಸ್ಟುಡಿಯೋ ಜನರ ದನಿಯಷ್ಟ ಕೇಳ್ರಿ, ಅವ್ರು ನಿಜವಾದ ಜನ, ನಗು ಹೊರಗಿಂದ ತಂದು ಹಚ್ಚಂಗಿಲ್ಲ. ಅವ್ರೂ ನಕ್ಕಿಲ್ಲ ಅಂದ್ರ ಸ್ಕಿಟ್ ಬಿದ್ದೈತಿ ಅಂತ ಬರೀರಿ, ನಕ್ಕಾರ ಅಂದ್ರ ನಂಗ ಯಾಕ ನಗು ಬರ್ಲಿಲ್ಲ ಅಂತ ಬರೀರಿ, ಅರ್ಧಕ್ಕರ್ಧ ಸಲ ಕಾರಣ ಏನಪಾ ಅಂದ್ರ ಆ ವಾರದ ಅಮೆರಿಕಾದ ಸುದ್ದಿ ನಮಗ ಗೊತ್ತಿರಂಗಿಲ್ಲ. ಅಷ್ಟು ಮಾಡಿ ಬರದ್ರ ಲಿಂಕ್ ಹಾಕ್ರಿ, ಓದ್ತೀನಿ.